ಹೆಸರು ಹಾಕಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ

ಪ್ರಶ್ನೆ: ನಾನು ಬೆಂಗಳೂರಿನ ರಾಜಾಜಿನಗರದಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿ. ಲಾರಿ ಓಡಿಸುವ ಕಂಪ್ಯೂಟರ್ ಆಟವಾದ ಯೂರೋ ಟ್ರಕ್ ಸಿಮ್ಯುಲೇಟರ್ 2ಕ್ಕೆ ನಮ್ಮ ನಗರ ಸಾರಿಗೆ ಬಸ್ಸಿನ ಮಾಡ್ (ಆಟಕ್ಕೆ ಆಟಗಾರರೇ ರಚಿಸಿ ಸೇರಿಸುವ ಭಾಗ) ಒಂದನ್ನು ತಯಾರಿಸಿ ಎಲ್ಲರಿಗೂ ಉಚಿತವಾಗಿ ಹಂಚಿದ್ದೆ. ಬಸ್ಸಿನ ತ್ರೀಡಿ ಮಾಡೆಲ್ ಇಂಡೋನೇಷ್ಯಾದ ಒಬ್ಬರದು. ನಾನು ಅದರ ಬಾಗಿಲು, ಸೀಟು, ಬಣ್ಣಗಳನ್ನು ಬದಲಾಯಿಸಿ, 335ಇ ಎಂಬ ಕನ್ನಡದ ಮಾರ್ಗಫಲಕ ಹಾಕಿ, ಅಕ್ಕನ ಧ್ವನಿಯಲ್ಲಿ ಇಪ್ಪತ್ತು ನಿಲ್ದಾಣಗಳ ಹೆಸರು ಹೇಳಿಸಿ, ಬಸ್ಸಿನ ರೇಡಿಯೋಗೆಂದು ಹತ್ತು ಚಿತ್ರಗೀತೆಗಳನ್ನೂ ಸೇರಿಸಿದ್ದೆ. ವಿವರಣೆಯಲ್ಲಿ 'ಕ್ರೆಡಿಟ್ಸ್: ಮೂಲ ಮಾಲೀಕರಿಗೆ' ಎಂದು ಬರೆದಿದ್ದೆ. ಮೂರು ವಾರಗಳ ನಂತರ ಮೂಲ ತಯಾರಕರು 'ನನ್ನನ್ನು ಕೇಳದೆ ಹಾಕಿದ್ದೀರಿ, ತೆಗೆಯಿರಿ' ಎಂದು ಬರೆದಿದ್ದಾರೆ. ಕ್ರೆಡಿಟ್ ಕೊಟ್ಟಿದ್ದೇನೆ, ಒಂದು ರೂಪಾಯಿಯನ್ನೂ ಪಡೆದಿಲ್ಲ. ಆದರೂ ಇದು ತಪ್ಪೇ? ಈ ನಡುವೆ ಬೇರೊಬ್ಬರು ನನ್ನ ಮಾಡ್ ಅನ್ನು ತಮ್ಮ ಯೂಟ್ಯೂಬ್ ಚಾನೆಲ್ಲಿನ ಲಿಂಕ್ ಮೂಲಕ ಹಂಚುತ್ತಿದ್ದಾರೆ. ಅದನ್ನು ನಿಲ್ಲಿಸುವುದು ಹೇಗೆ?

ಉತ್ತರ: ಮೊದಲು ಮಾಡಬೇಕಾದ ಕೆಲಸವನ್ನು ಮೊದಲೇ ಹೇಳುತ್ತೇನೆ. ಇಂದು ರಾತ್ರಿ ಮಲಗುವ ಮುನ್ನ ಮಾಡ್ ಅನ್ನು ಹಂಚಿಕೆಯಿಂದ ಹಿಂತೆಗೆದುಕೊಳ್ಳಿ. ಆಮೇಲೆ ಮೂಲ ತಯಾರಕರಿಗೆ, ಸಮರ್ಥನೆಯ ಒಂದು ಮಾತನ್ನೂ ಸೇರಿಸದೆ, ಫೈಲನ್ನು ತೆಗೆದಿದ್ದೇನೆಂದೂ ಕೇಳದೆ ಬಳಸಿದ್ದಕ್ಕೆ ವಿಷಾದಿಸುತ್ತೇನೆಂದೂ ಬರೆಯಿರಿ. ಅನುಮತಿ ಕೇಳುವ ಪತ್ರವನ್ನು ಇದರ ಜೊತೆಗೆ ಸೇರಿಸಬೇಡಿ, ಅದನ್ನು ಕೆಲವು ದಿನ ಬಿಟ್ಟು ಬರೆಯಬಹುದು. ಎರಡೂ ಒಂದೇ ಸಂದೇಶದಲ್ಲಿ ಬಂದರೆ, ಕೆಲಸ ಆಗಬೇಕೆಂದು ಕ್ಷಮೆ ಕೇಳಿದ್ದಾರೆ ಎಂದು ಅವರಿಗೆ ಅನ್ನಿಸುವುದು ಸಹಜ.

ಇದು ತಪ್ಪೇ ಎಂದು ಕೇಳಿದ್ದೀರಿ. ಹೌದು, ತಪ್ಪೇ. ಆದರೆ ನೀವು ಕೆಟ್ಟ ಉದ್ದೇಶದಿಂದ ಮಾಡಿದ್ದೀರಿ ಎಂದು ನಾನು ಭಾವಿಸುವುದಿಲ್ಲ, ಏಕೆಂದರೆ ಹೆಸರು ಹಾಕುವುದೂ ಅನುಮತಿ ಪಡೆಯುವುದೂ ಒಂದೇ ಎಂಬ ನಂಬಿಕೆ ಮಾಡ್ ಮಾಡುವ ಹುಡುಗರಲ್ಲಿ ತುಂಬಾ ವ್ಯಾಪಕವಾಗಿದೆ. ಪಕ್ಕದ ಮನೆಯ ಅಂಗಳದ ಮಲ್ಲಿಗೆಯನ್ನು ಅವರಿಲ್ಲದಾಗ ಕೊಯ್ದು, ಮಾಲೆ ಕಟ್ಟಿ, ಬೀದಿಯವರಿಗೆಲ್ಲ ಹಂಚುತ್ತಾ 'ಇದು ಅವರ ಮನೆಯ ಹೂವು' ಎಂದು ಹೇಳಿದರೆ, ಹೇಳಿದ್ದು ಸತ್ಯವೇ ಆದರೂ ಕೊಯ್ಯುವ ಮೊದಲು ಬಾಗಿಲು ತಟ್ಟಲಿಲ್ಲ ಎಂಬುದು ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, 'ಮೂಲ ಮಾಲೀಕರಿಗೆ' ಎಂಬ ಬರಹದಲ್ಲಿ ಹೆಸರು ಕೂಡ ಇಲ್ಲ. ಯಾರೆಂದು ಹೇಳದ ಕ್ರೆಡಿಟ್‌ನಿಂದ ಆ ವ್ಯಕ್ತಿಗೆ ಯಾವ ಗೌರವವೂ ಸಲ್ಲುವುದಿಲ್ಲ, ಅವರ ಇತರ ಕೆಲಸವನ್ನು ಹುಡುಕಿ ನೋಡಲು ಯಾರಿಗೂ ದಾರಿಯೂ ಸಿಗುವುದಿಲ್ಲ.

ನಮ್ಮ ಕಾನೂನು ಕೂಡ ಇವೆರಡನ್ನು ಬೇರೆಬೇರೆಯಾಗಿಯೇ ಇಟ್ಟಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕೃತಿಕಾರನಿಗೆ 'ಇದು ನನ್ನದು' ಎಂದು ಹೇಳಿಕೊಳ್ಳುವ ಹಕ್ಕನ್ನೂ, ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನೂ ಕೊಡುತ್ತದೆ. ಪ್ರತಿ ಮಾಡುವ, ರೂಪಾಂತರಿಸುವ, ಸಾರ್ವಜನಿಕರಿಗೆ ತಲುಪಿಸುವ ಹಕ್ಕುಗಳು ಇರುವುದು 14ನೇ ಸೆಕ್ಷನ್ನಿನಲ್ಲಿ, ಮತ್ತು ಅವನ್ನು ಇನ್ನೊಬ್ಬರು ಬಳಸಲು ಬೇಕಾದ ಪರವಾನಗಿ ಬರಹದಲ್ಲಿರಬೇಕೆಂದು 30ನೇ ಸೆಕ್ಷನ್ ಹೇಳುತ್ತದೆ. ಹೆಸರು ಹಾಕಿದರೆ ಮೊದಲನೆಯ ಬಾಕಿ ತೀರುತ್ತದೆಯೇ ಹೊರತು ಎರಡನೆಯದಲ್ಲ. ತಯಾರಕರು ಇಂಡೋನೇಷ್ಯಾದವರು ಎಂಬುದರಿಂದಲೂ ಏನೂ ಬದಲಾಗುವುದಿಲ್ಲ, ಏಕೆಂದರೆ ಎರಡೂ ದೇಶಗಳು ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಸದಸ್ಯರಾಗಿದ್ದು, ಅಲ್ಲಿಯವರ ಕೃತಿಗೆ ಇಲ್ಲಿಯೂ ರಕ್ಷಣೆ ಇದೆ. ಹಕ್ಕುಸ್ವಾಮ್ಯವನ್ನು ಎಲ್ಲಿಯೂ ನೋಂದಾಯಿಸಬೇಕಾಗಿಲ್ಲ. ಕೃತಿ ಸೃಷ್ಟಿಯಾದ ಗಳಿಗೆಯಿಂದಲೇ ಅದು ಇರುತ್ತದೆ. ಆದ್ದರಿಂದ ಯಾವ ಷರತ್ತನ್ನೂ ಬರೆಯದೆ ಹಾಕಿರುವ ಮಾಡ್ ಎಂದರೆ ಯಾರು ಬೇಕಾದರೂ ಬಳಸಬಹುದಾದ ಮಾಡ್ ಎಂದು ಅರ್ಥವಲ್ಲ. ಎಲ್ಲ ಹಕ್ಕುಗಳೂ ತಯಾರಕರ ಬಳಿಯೇ ಉಳಿದಿವೆ ಎಂದು ಅರ್ಥ.

ದುಡ್ಡು ಪಡೆದಿಲ್ಲ ಎಂಬ ವಾದವೂ ನಿಮ್ಮನ್ನು ಪೂರ್ತಿಯಾಗಿ ಕಾಯುವುದಿಲ್ಲ. ಉಲ್ಲಂಘನೆಗೆ ಶಿಕ್ಷೆ ವಿಧಿಸುವ 63ನೇ ಸೆಕ್ಷನ್, ವ್ಯಾಪಾರದ ಲಾಭಕ್ಕಾಗಿ ಮಾಡದ ಪ್ರಕರಣಗಳಲ್ಲಿ ವಿಶೇಷ ಕಾರಣಗಳನ್ನು ದಾಖಲಿಸಿ ಶಿಕ್ಷೆಯನ್ನು ಕಡಿಮೆ ಮಾಡಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ. ಅಂದರೆ ಲಾಭವಿಲ್ಲದಿರುವುದು ತಪ್ಪಿನ ತೂಕವನ್ನು ಇಳಿಸಬಹುದು, ತಪ್ಪನ್ನೇ ಇಲ್ಲವಾಗಿಸುವುದಿಲ್ಲ. ಹವ್ಯಾಸಿಗಳ ಬಸ್ ಮಾಡ್ ಒಂದಕ್ಕಾಗಿ ಯಾರೂ ನಿಮ್ಮನ್ನು ಕೋರ್ಟಿಗೆ ಎಳೆಯುವುದಿಲ್ಲವೆಂದೇ ನನ್ನ ಅಂದಾಜು, ಮತ್ತು ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಮನೆಯ ಒಳಗೆ ಮಾಡುವುದಕ್ಕೂ ಊರಿಗೆ ಹಂಚುವುದಕ್ಕೂ ಕಾಯ್ದೆಯೇ ಗೆರೆ ಎಳೆದಿದೆ ಎಂಬುದು ನಿಮಗೆ ತಿಳಿದಿರಬೇಕು. ತಾನು ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ವ್ಯಾಪಾರೇತರವಾದ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳುವುದನ್ನೂ ರೂಪಾಂತರಿಸಿಕೊಳ್ಳುವುದನ್ನೂ 52ನೇ ಸೆಕ್ಷನ್ ಉಲ್ಲಂಘನೆಯೆಂದು ಎಣಿಸುವುದಿಲ್ಲ. ನಿಮ್ಮ ಕೋಣೆಯಲ್ಲಿ ಕುಳಿತು ಆ ಬಸ್ಸಿಗೆ ಬಣ್ಣ ಬಳಿದು ನೀವೊಬ್ಬರೇ ಓಡಿಸುತ್ತಿದ್ದಿದ್ದರೆ ಯಾರಿಗೂ ಬೇಸರವಾಗುತ್ತಿರಲಿಲ್ಲ. ಅಪ್‌ಲೋಡ್ ಗುಂಡಿ ಒತ್ತಿದಾಗ ನೀವು ದಾಟಿದ್ದು ಈ ಗೆರೆಯನ್ನು.

ಹತ್ತು ವರ್ಷಗಳಿಗೂ ಹಿಂದೆ ನಾನೇ ಇಂಥದ್ದೊಂದು ಗೆರೆ ದಾಟಿದ್ದೆ. ನನ್ನ ಮಾಡ್ ಒಂದಕ್ಕೆ ಮಳೆಯ ಸದ್ದು ಬೇಕಿತ್ತು. ಯಾರದೋ ಸೌಂಡ್ ಪ್ಯಾಕ್‌ನಿಂದ ಒಂದೇ ಒಂದು ಫೈಲನ್ನು ತೆಗೆದು ಸೇರಿಸಿಕೊಂಡೆ, ಮಾಡ್ ಜೊತೆಗಿಡುವ ವಿವರಣೆಯ ಫೈಲಾದ ರೀಡ್‌ಮಿಯಲ್ಲಿ ಅವರ ಹೆಸರನ್ನೂ ಬರೆದೆ. ಅವರು ಬರೆದ ಪತ್ರದಲ್ಲಿ ಸಿಟ್ಟಿರಲಿಲ್ಲ. ಆ ಸದ್ದನ್ನು ತಾವು ಮೂರು ಮಳೆಗಾಲ ಕಾದು ಮನೆಯ ತಗಡಿನ ಛಾವಣಿಯ ಕೆಳಗೆ ಧ್ವನಿಮುದ್ರಿಸಿದ್ದಾಗಿಯೂ, ಕೇಳಿದ್ದರೆ ಇನ್ನೂ ಚೆನ್ನಾಗಿರುವ ಪ್ರತಿಯನ್ನೇ ಕೊಡುತ್ತಿದ್ದುದಾಗಿಯೂ ಬರೆದಿದ್ದರು. ಆ ಪತ್ರ ಓದಿದಾಗ ನನಗಾದ ಸಂಕಟ ಈಗಲೂ ನೆನಪಿದೆ. ಕಾನೂನಿನ ಪುಸ್ತಕಗಳನ್ನು ನಾನು ಓದತೊಡಗಿದ್ದು ಅದಾದ ಮೇಲೆ.

ಈಗ ನಿಮ್ಮ ಬಸ್ಸನ್ನು ಭಾಗ ಭಾಗವಾಗಿ ಬಿಚ್ಚಿ ನೋಡೋಣ. ಒಂದು ಮಾಡ್ ಹೊರಗಿನಿಂದ ಒಂದೇ ಫೈಲಿನಂತೆ ಕಂಡರೂ ಅದರೊಳಗೆ ಹಲವರ ಹಕ್ಕುಗಳು ಒಂದರ ಮೇಲೊಂದು ಕುಳಿತಿರುತ್ತವೆ.

ತೀರ ತೊಡಕಿನದು ಮಾಡೆಲ್. ನೀವು ಬಾಗಿಲು ಮತ್ತು ಸೀಟುಗಳನ್ನು ಬದಲಾಯಿಸಿದ್ದೀರಿ ಎಂದರೆ ಬಸ್ಸಿನ ಆಕಾರವನ್ನು ಹಿಡಿದಿಡುವ ಮೂಲದ ಮೆಶ್ ಫೈಲನ್ನೇ ತೆರೆದು ತಿದ್ದಿದ್ದೀರಿ. ಆ ಫೈಲಿನಲ್ಲಿ ಈಗ ಅವರ ಕೆಲಸವೂ ನಿಮ್ಮ ಕೆಲಸವೂ ಬೇರ್ಪಡಿಸಲಾಗದಂತೆ ಬೆರೆತಿವೆ. ಎಷ್ಟು ಶೇಕಡಾ ಬದಲಾಯಿಸಿದರೆ ಅದು ತನ್ನದಾಗುತ್ತದೆ ಎಂದು ಅನೇಕರು ಕೇಳುತ್ತಾರೆ. ಅಂಥ ಶೇಕಡಾವಾರು ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಅದರ ಹಿಂದಿನ ಇನ್ನೊಂದು ಪ್ರಶ್ನೆಯನ್ನೂ ನೀವು ಕೇಳಿಕೊಳ್ಳಬೇಕು: ಆ ಇಂಡೋನೇಷ್ಯಾದವರಿಗೆ ಮಾಡೆಲ್ ಎಲ್ಲಿಂದ ಬಂತು? ಅವರು ಶೂನ್ಯದಿಂದ ಕಟ್ಟಿರಬಹುದು, ಹಣ ಕೊಟ್ಟು ಕೊಂಡಿರಬಹುದು, ಇಲ್ಲವೇ ಬೇರೆ ವಾಣಿಜ್ಯ ಆಟದಿಂದ ಕಿತ್ತು ತಂದದ್ದೂ ಆಗಿರಬಹುದು. ಹಣ ಕೊಟ್ಟು ಕೊಂಡಿದ್ದರೆ, ತಮ್ಮ ಮಾಡ್‌ನಲ್ಲಿ ಬಳಸುವ ಹಕ್ಕು ಅವರಿಗಿದ್ದರೂ ಅದನ್ನು ನಿಮಗೆ ಕೊಡುವ ಹಕ್ಕು ಇಲ್ಲದಿರಬಹುದು. ಬೇರೆ ಆಟದಿಂದ ಕಿತ್ತದ್ದಾದರೆ, ಅವರ ಒಪ್ಪಿಗೆಯಿಂದ ನಿಮಗೆ ಏನೂ ದಕ್ಕುವುದಿಲ್ಲ, ಏಕೆಂದರೆ ಅವರದಲ್ಲದ್ದನ್ನು ಅವರು ಕೊಡಲಾರರು. ಅನುಮತಿ ಕೇಳುವಾಗಲೇ 'ಈ ಮಾಡೆಲ್ ಪೂರ್ತಿ ನಿಮ್ಮದೇ, ಇಲ್ಲವೇ ಬೇರೆಯವರ ಭಾಗಗಳೂ ಇವೆಯೇ' ಎಂದು ವಿನಯದಿಂದ ಕೇಳುವುದು ಅಪನಂಬಿಕೆಯಲ್ಲ. ಅನುಭವಿಗಳು ಎಲ್ಲರೂ ಕೇಳುವ ಪ್ರಶ್ನೆ ಅದು.

ಚಿತ್ರಗೀತೆಗಳ ವಿಷಯದಲ್ಲಿ ನನ್ನ ಸಲಹೆ ಖಡಾಖಂಡಿತವಾದದ್ದು: ಒಂದನ್ನೂ ಸೇರಿಸಬೇಡಿ. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಿಕೆ ಎಂಬ ಮೂರು ಪ್ರತ್ಯೇಕ ಕೃತಿಗಳಿವೆ. ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಅವುಗಳ ಕರ್ತೃ ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಹೀಗಾಗಿ 1960ರಲ್ಲಿ ಹೊರಬಂದ ಗ್ರಾಮಫೋನ್ ತಟ್ಟೆಯೊಂದರ ಮುದ್ರಣದ ಹಕ್ಕು 2020ರ ಕೊನೆಗೆ ಮುಗಿದಿದ್ದರೂ ಅದರೊಳಗಿನ ಪದ್ಯದ ಹಕ್ಕು ಜೀವಂತವಾಗಿರಬಹುದು. ಮೂವತ್ತು ಸೆಕೆಂಡುಗಳಷ್ಟೇ ಬಳಸಿದರೆ ತೊಂದರೆಯಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಅದೃಷ್ಟಕ್ಕೆ ಈ ಆಟದಲ್ಲಿ ಹಾಡು ಸೇರಿಸುವ ಅಗತ್ಯವೇ ಇಲ್ಲ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಆಟದ ಹೆಸರಿನ ಫೋಲ್ಡರ್ ಇರುತ್ತದೆ, ಅದರೊಳಗಿನ ಮ್ಯೂಸಿಕ್ ಫೋಲ್ಡರಿಗೆ ಆಟಗಾರರು ತಮ್ಮದೇ ಎಂಪಿ3 ಫೈಲುಗಳನ್ನು ಹಾಕಿಕೊಂಡರೆ ಆಟದ ರೇಡಿಯೋ ಅವನ್ನು ನುಡಿಸುತ್ತದೆ. ವಿವರಣೆಯಲ್ಲಿ ಈ ದಾರಿಯನ್ನು ಎರಡು ಸಾಲಿನಲ್ಲಿ ತಿಳಿಸಿ. ಅವರವರಿಗೆ ಇಷ್ಟವಾದ ಹಾಡು ಅವರವರ ಬಸ್ಸಿನಲ್ಲಿ ಕೇಳಿಸುತ್ತದೆ.

ಮಾರ್ಗಫಲಕದ ಅಕ್ಷರಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ನೀವು ಬಹುಶಃ ಅಕ್ಷರಗಳನ್ನು ಚಿತ್ರವಾಗಿಸಿ, ಮಾಡೆಲ್ ಮೇಲೆ ಹೊದಿಸುವ ಟೆಕ್ಸ್‌ಚರ್ ಫೈಲಿನಲ್ಲಿ ಇಟ್ಟಿರುತ್ತೀರಿ, ಫಾಂಟ್ ಫೈಲನ್ನೇ ಹಂಚಿರುವುದಿಲ್ಲ. ಫಾಂಟ್ ಫೈಲನ್ನೇ ಸೇರಿಸಬೇಕಾಗಿ ಬಂದರೆ, ವಿಂಡೋಸ್ ಜೊತೆಗೆ ಬರುವ ತುಂಗಾ ಫಾಂಟನ್ನು ತೆಗೆದು ಹಾಕಬೇಡಿ. ಮುಕ್ತ ಫಾಂಟ್ ಲೈಸೆನ್ಸ್ ಇರುವ ನೋಟೋ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮದಂಥವನ್ನು, ಲೈಸೆನ್ಸ್ ಪಠ್ಯದ ಪ್ರತಿಯೊಂದಿಗೆ ಬಳಸಿ.

ಸಾರಿಗೆ ಸಂಸ್ಥೆಯ ಲಾಂಛನ ಮತ್ತು ಬಸ್ ಕಂಪನಿಯ ಹೆಸರಿನ ವಿಷಯ ಬೇರೆ ಬಗೆಯದು, ಏಕೆಂದರೆ ಅಲ್ಲಿ ಪ್ರಶ್ನೆ ಟ್ರೇಡ್‌ಮಾರ್ಕಿನದು ಮತ್ತು ಜನರು ಅದನ್ನು ಅಧಿಕೃತವೆಂದು ತಪ್ಪು ತಿಳಿಯುವ ಸಾಧ್ಯತೆಯದು. ಈ ಆಟವನ್ನು ತಯಾರಿಸಿದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿಯೇ ಇದಕ್ಕೆ ಒಳ್ಳೆಯ ಉದಾಹರಣೆ. 2012ರಲ್ಲಿ ಆಟ ಬಿಡುಗಡೆಯಾದಾಗ ಮರ್ಸಿಡಿಸ್ ಬೆಂಜ್ ಹೆಸರನ್ನು ಬಳಸುವ ಪರವಾನಗಿ ಅವರಲ್ಲಿರಲಿಲ್ಲ; ಹಾಗಾಗಿ ಆ ಲಾರಿಗೆ 'ಮೆಜೆಸ್ಟಿಕ್' ಎಂಬ ಕಲ್ಪಿತ ಹೆಸರಿಟ್ಟು, ಒಪ್ಪಂದವಾದ ಮೇಲೆ ನಿಜವಾದ ಹೆಸರನ್ನು ತಂದರು. ಬೆಂಗಳೂರಿನ ಆಟಗಾರರಿಗೆ ಆ ಹೆಸರು ಕಂಡಾಗ ಆಗಿರಬಹುದಾದ ಖುಷಿಯನ್ನು ನಾನು ಊಹಿಸಬಲ್ಲೆ. ನೀವೂ ಬಣ್ಣದ ಪಟ್ಟಿಗಳನ್ನು ಉಳಿಸಿಕೊಂಡು, ಲಾಂಛನದ ಜಾಗದಲ್ಲಿ ನಿಮ್ಮದೇ ಕಲ್ಪನೆಯ ಗುರುತನ್ನು ಬಿಡಿಸಿ, ಇದು ಅಭಿಮಾನಿಯೊಬ್ಬನ ಕೆಲಸ, ಯಾವ ನಿಗಮಕ್ಕೂ ಸಂಬಂಧಿಸಿದ್ದಲ್ಲ ಎಂದು ಸ್ಪಷ್ಟವಾಗಿ ಬರೆದರೆ ಸಾಕು. ದೊಮ್ಮಲೂರು ದಾಟಿ ಮಾರತ್ತಹಳ್ಳಿ ಕಡೆ ದಿನವೂ ಹೋಗಿಬರುವವರಿಗೆ ಅದು ಯಾವ ಬಸ್ಸೆಂದು 335ಇ ಎಂಬ ಸಂಖ್ಯೆಯೇ ಹೇಳುತ್ತದೆ.

ಇವೆಲ್ಲದರ ಕೆಳಗೆ ಆಟದ ಕಂಪನಿಯ ಹಕ್ಕು ಇರುತ್ತದೆ. ಮಾಡ್ ಮಾಡಲು ಕಂಪನಿ ಸಲಕರಣೆಗಳನ್ನು ಕೊಟ್ಟಿದ್ದರೂ ಅದರ ಜೊತೆಗಿನ ಷರತ್ತುಗಳನ್ನು ಓದಬೇಕು. ಮೈನ್‌ಕ್ರಾಫ್ಟ್‌ನ ಷರತ್ತುಗಳು ಈ ವಿಷಯದಲ್ಲಿ ಸರಳವಾಗಿವೆ: ನೀವು ಶೂನ್ಯದಿಂದ ಬರೆದ ಮಾಡ್ ನಿಮ್ಮದು, ಅದನ್ನು ಹಂಚಬಹುದು, ಆದರೆ ಮಾರುವಂತಿಲ್ಲ, ಮತ್ತು ಮಾಡ್ ಸೇರಿಸಿದ ಇಡೀ ಆಟವನ್ನು ಹಂಚುವಂತಿಲ್ಲ. ಮಾರುವುದರ ಮೇಲಿನ ಈ ನಿರ್ಬಂಧಕ್ಕೆ ಹಳೆಯ ಇತಿಹಾಸವಿದೆ. 1996ರ ಡ್ಯೂಕ್ ನ್ಯೂಕೆಮ್ 3ಡಿ ಆಟದ ಜೊತೆಗೆ ಹಂತಗಳನ್ನು ರಚಿಸುವ ಸಲಕರಣೆಯನ್ನೂ ಕೊಟ್ಟಿದ್ದರು, ಹಾಗೆ ರಚಿಸಿದ್ದನ್ನು ಉಚಿತವಾಗಿ ಮಾತ್ರ ಹಂಚಬೇಕು ಎಂಬ ಷರತ್ತಿನೊಂದಿಗೆ. ಮೈಕ್ರೋ ಸ್ಟಾರ್ ಎಂಬ ಕಂಪನಿ ಆಟಗಾರರು ರಚಿಸಿ ಹಂಚಿದ್ದ 300 ಹಂತಗಳನ್ನು ಒಟ್ಟುಮಾಡಿ ಸಿಡಿಗೆ ತುಂಬಿ ಮಾರಿತು. ಆ ಹಂತಗಳು ಮೂಲ ಆಟದ ಕಥೆಯ ಮುಂದುವರಿಕೆಗಳಾದ್ದರಿಂದ ಆಟದ ಹಕ್ಕುದಾರರ ಒಪ್ಪಿಗೆಯಿಲ್ಲದೆ ಅವನ್ನು ಮಾರುವುದು ಉಲ್ಲಂಘನೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಹೇಳಿತು. ನನ್ನನ್ನು ಈ ಪ್ರಕರಣ ಕಾಡುವುದು ಬೇರೊಂದು ಕಾರಣಕ್ಕೆ: ಆ ಮುನ್ನೂರು ಹಂತಗಳನ್ನು ರಾತ್ರಿ ಹಗಲು ಕುಳಿತು ರಚಿಸಿದವರು ಆ ದಾವೆಯಲ್ಲಿ ಕಕ್ಷಿದಾರರೇ ಆಗಿರಲಿಲ್ಲ.

ಕಂಪನಿಗಳು ಸುಮ್ಮನಿರುವುದನ್ನು ಹಕ್ಕೆಂದು ತಿಳಿಯಬಾರದು ಎಂಬುದಕ್ಕೆ 2017ರ ಜೂನ್ ತಿಂಗಳ ಘಟನೆಯೊಂದು ಸಾಕ್ಷಿ. ಗ್ರ್ಯಾಂಡ್ ಥೆಫ್ಟ್ ಆಟೋ ಆಟಗಳಿಗೆ ಮಾಡ್ ಮಾಡುವವರು ವರ್ಷಗಳಿಂದ ಬಳಸುತ್ತಿದ್ದ ಓಪನ್‌ಐವಿ ಎಂಬ ಸಲಕರಣೆಯನ್ನು ನಿಲ್ಲಿಸುವಂತೆ ಆ ಆಟಗಳ ಪ್ರಕಾಶಕ ಟೇಕ್-ಟು ಕಂಪನಿ ನೋಟಿಸ್ ಕಳಿಸಿತು. ಆಟಗಾರರ ಪ್ರತಿಭಟನೆಯ ನಂತರ, ಒಬ್ಬರೇ ಆಡುವ, ವ್ಯಾಪಾರೇತರವಾದ, ಮೂರನೆಯವರ ಬೌದ್ಧಿಕ ಸ್ವತ್ತನ್ನು ಗೌರವಿಸುವ ಮಾಡ್‌ಗಳ ಮೇಲೆ ಸಾಮಾನ್ಯವಾಗಿ ಕ್ರಮ ಕೈಗೊಳ್ಳುವುದಿಲ್ಲ ಎಂಬ ನಿಲುವನ್ನು ಆಟಗಳ ತಯಾರಕ ಸಂಸ್ಥೆ ರಾಕ್‌ಸ್ಟಾರ್ ಪ್ರಕಟಿಸಿತು, ಸಲಕರಣೆಯೂ ಮರಳಿ ಬಂತು. ಆ ಮೂರನೆಯ ಷರತ್ತನ್ನು ಗಮನಿಸಿ. ಕೇಳದೆ ತಂದ ಮಾಡೆಲ್ ಮತ್ತು ಹಾಡು ಇರುವ ಮಾಡ್, ಕಂಪನಿ ಇಷ್ಟು ಉದಾರವಾಗಿದ್ದಾಗಲೂ ಆ ಉದಾರತೆಯ ಹೊರಗೇ ಉಳಿಯುತ್ತದೆ.

ದುಡ್ಡು ಒಳಗೆ ಬಂದಾಗ ಮಾಡ್ ಮಾಡುವವರ ನಡುವಿನ ನಂಬಿಕೆ ಎಷ್ಟು ಬೇಗ ಕೆಡುತ್ತದೆ ಎಂಬುದು 2015ರ ಏಪ್ರಿಲ್‌ನಲ್ಲಿ ಕಂಡಿತು. ಸ್ಕೈರಿಮ್ ಆಟದ ಮಾಡ್‌ಗಳನ್ನು ಬೆಲೆಗೆ ಮಾರುವ ವ್ಯವಸ್ಥೆಯನ್ನು ಸ್ಟೀಮ್ ಮಾರಾಟ ತಾಣದ ವಾಲ್ವ್ ಮತ್ತು ಆಟದ ತಯಾರಕ ಬೆಥೆಸ್ಡಾ ಕಂಪನಿಗಳು ತೆರೆದವು. ಮಾರಾಟದ ಹಣದಲ್ಲಿ ತಯಾರಕರಿಗೆ ಸಲ್ಲುತ್ತಿದ್ದುದು ಶೇ. 25. ಮೊದಲ ದಿನಗಳಲ್ಲೇ ಮೀನು ಹಿಡಿಯುವ ಮಾಡ್ ಒಂದು ಇನ್ನೊಬ್ಬರ ಅನಿಮೇಷನ್‌ ಮೇಲೆ ನಿಂತಿದೆ, ಅದಕ್ಕೆ ಅವರ ಒಪ್ಪಿಗೆಯಿಲ್ಲ ಎಂಬ ದೂರು ಬಂದು ಅದನ್ನು ಹಿಂತೆಗೆಯಬೇಕಾಯಿತು. ಇಡೀ ವ್ಯವಸ್ಥೆಯೇ ನಾಲ್ಕು ದಿನಗಳಲ್ಲಿ ಮುಚ್ಚಿತು. ಉಚಿತವಾಗಿದ್ದಾಗ ಪರಸ್ಪರ ವಿಶ್ವಾಸದ ಮೇಲೆ ನಡೆದಿದ್ದ ಕೊಡುಕೊಳ್ಳುವಿಕೆಯಲ್ಲಿ ಯಾರು ಯಾರಿಗೆ ಏನು ಒಪ್ಪಿದ್ದರು ಎಂಬ ಬರಹವೇ ಅನೇಕ ಕಡೆ ಇರಲಿಲ್ಲ. ಆದ್ದರಿಂದ ಮುಂದೆಂದಾದರೂ ನಿಮ್ಮ ಮಾಡ್ ಪಕ್ಕದಲ್ಲಿ ಯುಪಿಐ ಕ್ಯೂಆರ್ ಕೋಡ್ ಹಾಕುವ, ಇಲ್ಲವೇ ಜಾಹೀರಾತು ತೋರಿಸುವ ಲಿಂಕ್ ಮೂಲಕ ಡೌನ್‌ಲೋಡ್ ಕೊಡುವ ಆಲೋಚನೆ ಬಂದರೆ, ಅದರಲ್ಲಿ ಕೆಲಸವಿರುವ ಪ್ರತಿಯೊಬ್ಬರನ್ನೂ ಹೊಸದಾಗಿ ಕೇಳಬೇಕು. ಉಚಿತವಾಗಿ ಹಂಚಲು ಕೊಟ್ಟ ಒಪ್ಪಿಗೆ ಹಣಕ್ಕೆ ಅನ್ವಯಿಸುವುದಿಲ್ಲ.

ಇನ್ನು ಕೇಳುವ ರೀತಿಯ ಮಾತು. ಕೆಲಸ ಮುಗಿಸಿ, ಟ್ರೇಲರ್ ವಿಡಿಯೋ ಮಾಡಿ, ಬಿಡುಗಡೆಯ ದಿನವನ್ನೂ ಘೋಷಿಸಿ ಆಮೇಲೆ ಕೇಳುವವರನ್ನು ನಾನು ತುಂಬಾ ನೋಡಿದ್ದೇನೆ. ಆಗ ಬೇಡ ಎನ್ನುವುದು ಎದುರಿನವರಿಗೆ ಮುಜುಗರದ ಕೆಲಸವಾಗುತ್ತದೆ. ಹಾಗೆ ಒತ್ತಾಯದಲ್ಲಿ ಸಿಕ್ಕ ಒಪ್ಪಿಗೆ ಬಹುಕಾಲ ಬಾಳುವುದಿಲ್ಲ. ಕೆಲಸ ಆರಂಭಿಸುವ ಮೊದಲೇ ಕೇಳಿ. ಮೊದಲು ಅವರ ಮಾಡ್ ಪುಟವನ್ನೂ ರೀಡ್‌ಮಿಯನ್ನೂ ಪೂರ್ತಿ ಓದಿ, ಏಕೆಂದರೆ ಉತ್ತರ ಅಲ್ಲೇ ಇರಬಹುದು. 2001ರಿಂದ ನಡೆಯುತ್ತಿರುವ ನೆಕ್ಸಸ್ ಮಾಡ್ಸ್‌ನಂಥ ತಾಣಗಳಲ್ಲಿ, ಬೇರೆಡೆ ಹಾಕಬಹುದೇ, ತಿದ್ದಬಹುದೇ, ಇತರ ಆಟಗಳಿಗೆ ಒಯ್ಯಬಹುದೇ, ಭಾಗಗಳನ್ನು ಬಳಸಬಹುದೇ ಎಂಬುದಕ್ಕೆಲ್ಲ ತಯಾರಕರು ಬೇರೆಬೇರೆಯಾಗಿ ಉತ್ತರ ಬರೆದಿಟ್ಟಿರುತ್ತಾರೆ. ಅಲ್ಲಿ ಇಲ್ಲದಿದ್ದರೆ ಮಾತ್ರ ಬರೆಯಿರಿ. ನೀವು ಯಾರು, ಅವರ ಯಾವ ಫೈಲಿನ ಯಾವ ಭಾಗ ಬೇಕು, ಅದರಲ್ಲಿ ಏನನ್ನು ಬದಲಾಯಿಸುತ್ತೀರಿ, ಎಲ್ಲಿ ಹಂಚುತ್ತೀರಿ, ಉಚಿತವೋ ಅಲ್ಲವೋ, ಹೆಸರನ್ನು ಹೇಗೆ ಬರೆಯಬೇಕು ಎಂಬಿಷ್ಟನ್ನು ಚಿಕ್ಕದಾಗಿ ತಿಳಿಸಿ, ನಿಮ್ಮ ಕೆಲಸದ ಒಂದೆರಡು ಚಿತ್ರಗಳನ್ನು ಜೊತೆಗಿಡಿ. 'ನಿಮ್ಮ ಮಾಡ್ ಬಳಸಬಹುದೇ' ಎಂಬ ಒಂದು ಸಾಲಿನ ಪ್ರಶ್ನೆಗೆ 'ಸರಿ' ಎಂಬ ಉತ್ತರ ಬಂದರೂ ಯಾವುದಕ್ಕೆ ಸರಿ ಎಂಬುದು ಮುಂದೆ ಇಬ್ಬರಿಗೂ ಮರೆತುಹೋಗುತ್ತದೆ. ಬಂದ ಉತ್ತರವನ್ನು ಉಳಿಸಿಡಿ. ಡಿಸ್ಕಾರ್ಡ್ ಸಂದೇಶವಾದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅವಧಿಯನ್ನೂ ಪ್ರದೇಶವನ್ನೂ ಬರೆಯದೆ ಬಿಟ್ಟ ಪರವಾನಗಿಯನ್ನು ನಮ್ಮ ಕಾಯ್ದೆ ಐದು ವರ್ಷಕ್ಕೆ, ಭಾರತಕ್ಕೆ ಸೀಮಿತವೆಂದು ಪರಿಗಣಿಸುತ್ತದೆ, ಆದ್ದರಿಂದ 'ಎಲ್ಲ ದೇಶಗಳಲ್ಲಿ, ಮಾಡ್ ಹಂಚಿಕೆಯಲ್ಲಿರುವಷ್ಟು ಕಾಲ' ಎಂಬ ಮಾತನ್ನು ನಿಮ್ಮ ಪತ್ರದಲ್ಲೇ ಸೇರಿಸಿ.

ಉತ್ತರವೇ ಬಾರದಿದ್ದರೆ? ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಬರೆಯಬಹುದು. ಆಗಲೂ ಮೌನವಾದರೆ, ಮೌನವನ್ನು ಇಲ್ಲ ಎಂದೇ ತಿಳಿಯಬೇಕು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಇಲ್ಲಿ ಸಲ್ಲದು. ಪರೀಕ್ಷೆಯಲ್ಲಿರುವವರು, ಕಾಯಿಲೆ ಬಿದ್ದವರು, ಹವ್ಯಾಸ ಬಿಟ್ಟವರು, ತೀರಿಕೊಂಡವರು ಎಲ್ಲರೂ ಮೌನವಾಗಿಯೇ ಇರುತ್ತಾರೆ. ಇಂಥ ಸಂದರ್ಭಕ್ಕೆ ಒಂದು ಮರ್ಯಾದೆಯ ದಾರಿ ಇದೆ: ಅವರ ಒಂದು ಫೈಲನ್ನೂ ಒಳಗೊಳ್ಳದೆ, ನೀವು ಸ್ವತಃ ರಚಿಸಿದ್ದನ್ನು ಮಾತ್ರ ಪ್ರತ್ಯೇಕ ಮಾಡ್ ಆಗಿ ಕೊಡುವುದು. ಈ ಆಟದ ಮಾಡ್ ಮ್ಯಾನೇಜರ್‌ನಲ್ಲಿ ಮೇಲಿನ ಆದ್ಯತೆಯ ಮಾಡ್ ಕೆಳಗಿನದರ ಅದೇ ಹೆಸರಿನ ಫೈಲುಗಳನ್ನು ಮರೆಮಾಡುತ್ತದೆ. ಹೀಗಾಗಿ ನೀವೇ ಬರೆದ ಬಣ್ಣ, ಮಾರ್ಗಫಲಕ ಮತ್ತು ಘೋಷಣೆಗಳನ್ನು ಮಾತ್ರ ಒಂದು ಫೈಲಿನಲ್ಲಿಟ್ಟು, 'ಮೂಲ ಬಸ್ಸನ್ನು ಅದರ ತಯಾರಕರ ಪುಟದಿಂದಲೇ ಇಳಿಸಿಕೊಳ್ಳಿ' ಎಂದು ಲಿಂಕ್ ಕೊಟ್ಟರೆ, ಅವರ ಡೌನ್‌ಲೋಡ್ ಎಣಿಕೆಯೂ ಅವರ ನಿಯಂತ್ರಣವೂ ಅವರಲ್ಲೇ ಉಳಿಯುತ್ತವೆ. ಬಾಗಿಲು ಮತ್ತು ಸೀಟುಗಳ ಬದಲಾವಣೆಯನ್ನು ಮಾತ್ರ ಹೀಗೆ ಕೊಡಲಾಗದು, ಏಕೆಂದರೆ ತಿದ್ದಿದ ಮೆಶ್‌ನೊಳಗೆ ಅವರ ಮೆಶ್ ಇದ್ದೇ ಇರುತ್ತದೆ. ನಿಮ್ಮ ವಿಷಯದಲ್ಲಿ ತಯಾರಕರು ಮೌನವಾಗಿಲ್ಲ, ಬೇಡವೆಂದೇ ಹೇಳಿದ್ದಾರೆ. ಈ ದಾರಿಯನ್ನು ಹಿಡಿಯುವ ಮೊದಲೂ ಅವರಿಗೊಮ್ಮೆ ತಿಳಿಸಿ, ಅವರು ಅದಕ್ಕೂ ಬೇಸರ ವ್ಯಕ್ತಪಡಿಸಿದರೆ ಕೈಬಿಡಿ ಎಂಬುದು ನನ್ನ ಸಲಹೆ. ಸ್ವಂತ ಬಣ್ಣದ ಫೈಲನ್ನು ಹಂಚಲು ಕಾನೂನು ಬಹುಶಃ ಅಡ್ಡಬರುವುದಿಲ್ಲ, ಆದರೂ ಅವರ ಬಸ್ಸಿಲ್ಲದೆ ಆ ಬಣ್ಣಕ್ಕೆ ನಿಲ್ಲಲು ಜಾಗವಿಲ್ಲ.

ಮಾಡ್‌ಗಳೆಂದರೆ ಊರ ತೇರಿನಂತೆ, ಎಲ್ಲರೂ ಸೇರಿ ಎಳೆಯಬೇಕಾದದ್ದು, ಅದರಲ್ಲಿ ನನ್ನದು ನಿನ್ನದು ಎಂಬುದೇ ಇರಬಾರದು ಎಂದು ನಂಬುವವರೂ ಇದ್ದಾರೆ. ಅವರ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2021ರಲ್ಲಿ ನೆಕ್ಸಸ್ ಮಾಡ್ಸ್ ತಾಣವು, ಒಮ್ಮೆ ಹಾಕಿದ ಫೈಲನ್ನು ಇನ್ನು ಮುಂದೆ ಪೂರ್ತಿ ಅಳಿಸಲಾಗುವುದಿಲ್ಲ, ಸಂಗ್ರಹದಲ್ಲಿ ಉಳಿಯುತ್ತದೆ ಎಂಬ ನಿಯಮ ತಂದಾಗ, ಅನೇಕ ತಯಾರಕರು ಕೊಟ್ಟ ಗಡುವಿನೊಳಗೆ ತಮ್ಮ ವರ್ಷಗಳ ಕೆಲಸವನ್ನು ತೆಗೆಸಿಕೊಂಡು ಹೊರನಡೆದರು, ಉಳಿದವರು ನಿಯಮವನ್ನು ಸ್ವಾಗತಿಸಿದರು. ನಾನು ಹಂಚಿಕೆಯ ಪಕ್ಷದವನೇ. ಆದರೆ ತನ್ನ ಮಾಡ್‌ಗೆ ಮುಕ್ತ ಲೈಸೆನ್ಸ್ ಕೊಡುವುದು ತಯಾರಕನ ಔದಾರ್ಯ. ಇನ್ನೊಬ್ಬರ ಮಾಡ್ ಅನ್ನು ಅವರ ಪರವಾಗಿ ನಾವೇ ಮುಕ್ತಗೊಳಿಸುವುದಕ್ಕೆ ಆ ಹೆಸರು ಹೊಂದುವುದಿಲ್ಲ. ನಿಮ್ಮ ಭಾಗದ ಕೆಲಸಕ್ಕೆ, ಇತರರಿಗೆ ಮೊದಲೇ ಬಳಕೆಯ ಅನುಮತಿ ಕೊಟ್ಟಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಒಂದನ್ನು ಹಾಕುವುದಾದರೆ, ಅದು ಯಾವ ಯಾವ ಫೈಲುಗಳಿಗೆ ಅನ್ವಯಿಸುತ್ತದೆ ಎಂದು ಹೆಸರಿಸಿ ಬರೆಯಿರಿ.

ಯೂಟ್ಯೂಬ್ ಚಾನೆಲ್ಲಿನವರ ವಿಷಯಕ್ಕೆ ಬರುತ್ತೇನೆ. ನಿಮಗಾದ ನೋವು ನಿಜವಾದದ್ದು, ಮತ್ತು ಇಂಡೋನೇಷ್ಯಾದವರಿಗೆ ಆದದ್ದೂ ಅದೇ ನೋವು. ಮೊದಲು ಚಾನೆಲ್ಲಿನವರಿಗೆ ಖಾಸಗಿಯಾಗಿ ಬರೆಯಿರಿ: ಮೂಲ ತಯಾರಕರ ಕೋರಿಕೆಯಂತೆ ಮಾಡ್ ಅನ್ನು ಹಿಂತೆಗೆದುಕೊಂಡಿದ್ದೇನೆ, ದಯವಿಟ್ಟು ನಿಮ್ಮ ಲಿಂಕನ್ನೂ ತೆಗೆಯಿರಿ ಎಂದು. ಈ ಪ್ರಾಮಾಣಿಕ ಕಾರಣಕ್ಕೆ ಒಪ್ಪುವವರೇ ಹೆಚ್ಚು. ಒಪ್ಪದಿದ್ದರೆ, ದೂರು ಹೋಗಬೇಕಾದದ್ದು ಮುಖ್ಯವಾಗಿ ಫೈಲ್ ಇರುವ ತಾಣಕ್ಕೆ, ಏಕೆಂದರೆ ಬಸ್ ಓಡಿಸುವ ವಿಡಿಯೋಗಿಂತ ಫೈಲಿನ ನಕಲೇ ನಿಮ್ಮ ತಕರಾರು. ನಮ್ಮ ಕಾಯ್ದೆಯ 52ನೇ ಸೆಕ್ಷನ್ ಮತ್ತು 2013ರ ನಿಯಮಗಳ ಪ್ರಕಾರ, ಹಕ್ಕುದಾರರು ಬರಹದಲ್ಲಿ ದೂರು ಕೊಟ್ಟಾಗ ತಾಣವು 36 ಗಂಟೆಗಳೊಳಗೆ ಫೈಲಿಗೆ ತಡೆ ಹಾಕಬೇಕು. 21 ದಿನಗಳೊಳಗೆ ನ್ಯಾಯಾಲಯದ ಆದೇಶ ತಾರದಿದ್ದರೆ ಮತ್ತೆ ತೆರೆಯಬಹುದು. ಅಮೆರಿಕದ ತಾಣಗಳಲ್ಲಿ ಅಲ್ಲಿನ 1998ರ ಕಾಯ್ದೆಯ ನಮೂನೆಯ ನೋಟಿಸ್ ಬೇಕಾಗುತ್ತದೆ, ಮತ್ತು ಅದರಲ್ಲಿ ಹಕ್ಕುದಾರರ ಪರವಾಗಿ ದೂರು ಕೊಡುವ ಅಧಿಕಾರ ನಿಮಗಿದೆಯೆಂದು ಪ್ರಮಾಣಪೂರ್ವಕವಾಗಿ ಹೇಳಬೇಕು. ಆದ್ದರಿಂದ ಆ ದೂರಿನಲ್ಲಿ ನಿಮ್ಮ ಟೆಕ್ಸ್‌ಚರ್ ಮತ್ತು ಧ್ವನಿ ಫೈಲುಗಳನ್ನು ಮಾತ್ರ ಹೆಸರಿಸಿ. ಬಸ್ಸಿನ ಮಾಡೆಲ್ ನಿಮ್ಮದೆಂದು ಒಂದು ಪದ ಬರೆದರೂ, ಕೇಳದೆ ಬಳಸಿದ ತಪ್ಪಿನ ಮೇಲೆ ಸುಳ್ಳು ಹೇಳಿಕೆಯ ತಪ್ಪೂ ಸೇರಿಕೊಳ್ಳುತ್ತದೆ.

ಕೊನೆಯದಾಗಿ, ನೀವು ಕೇಳದೆ ಬಿಟ್ಟ ಒಂದು ವಿಷಯ. ಅಕ್ಕನ ಧ್ವನಿಯನ್ನು ಬಳಸಿದ್ದೇನೆ ಎಂದಿದ್ದೀರಿ, ಅದನ್ನು ಸಾರ್ವಜನಿಕವಾಗಿ ಹಂಚಲು ಅವರು ಒಪ್ಪಿದ್ದರೇ ಎಂಬುದನ್ನು ಬರೆದಿಲ್ಲ. ತಮ್ಮನ ಆಟಕ್ಕೆಂದು ಮನೆಯಲ್ಲಿ ನಿಲ್ದಾಣಗಳ ಹೆಸರು ಹೇಳಿಕೊಟ್ಟವರು, ಆ ಧ್ವನಿ ಗೊತ್ತಿಲ್ಲದವರ ಕಂಪ್ಯೂಟರುಗಳಲ್ಲಿ ಕೇಳಿಸುತ್ತದೆ, ಅಪರಿಚಿತರ ಚಾನೆಲ್ಲಿಗೂ ಹೋಗುತ್ತದೆ, ಇಂದಿನ ಸಲಕರಣೆಗಳಿಂದ ಅದೇ ಧ್ವನಿಯಲ್ಲಿ ಬೇರೆ ಮಾತುಗಳನ್ನೂ ಹೇಳಿಸಲು ಸಾಧ್ಯ ಎಂಬುದನ್ನೆಲ್ಲ ಯೋಚಿಸಿರಲಿಕ್ಕಿಲ್ಲ. ಈಗ ನಡೆದಿರುವುದನ್ನೆಲ್ಲ ಅವರಿಗೆ ಹೇಳಿ, ಮುಂದಿನ ಆವೃತ್ತಿಯಲ್ಲಿ ಇರಿಸಿಕೊಳ್ಳಲೇ ಎಂದು ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲಿನ ಉತ್ತರ ಪಡೆದುಕೊಳ್ಳಿ. ಅವರು ಬೇಡವೆಂದರೆ ಆ ಇಪ್ಪತ್ತು ನಿಲ್ದಾಣಗಳ ಹೆಸರನ್ನು ನಿಮ್ಮ ಧ್ವನಿಯಲ್ಲೇ ಹೇಳಿ ಮತ್ತೆ ಧ್ವನಿಮುದ್ರಿಸಿಕೊಳ್ಳಿ. ರಾತ್ರಿ ಫ್ಯಾನ್ ಆರಿಸಿ ಕುಳಿತರೆ ಒಂದು ಗಂಟೆಯ ಕೆಲಸ.